ಸ್ವರಕ್ರಮಯಂತ್ರದ ಲಕ್ಷಣವಿಚಾರ

ವಿದ್ಯುತ್ತಿನ ಒತ್ತಡದಿಂದ ನಾದವನ್ನು ನಿಯಮಿಸುವ ಅನಲಾಗ್ ಸಿಂಥಸೈಸರಿಗೆ ಅಂಗಭೂತವಾದ ಸೀಕ್ವೆನ್ಸರ್ ಎಂಬ ಉಪಕರಣವನ್ನು ಸ್ವರಕ್ರಮಯಂತ್ರವೆಂದು ಕರೆಯಬಹುದು. ಕ್ರಿ.ಶ. 1960ರ ದಶಕದಲ್ಲಿ ಅಮೆರಿಕಾ ದೇಶದ ಡಾನ್ ಬುಕ್ಲಾ, ರಾಬರ್ಟ್ ಮೋಗ್ ಎಂಬಿಬ್ಬರ ರಚನೆಗಳಲ್ಲಿ ಇದರ ಸ್ವರೂಪವು ನೆಲೆಗೊಂಡಿತು. ಮಾರ್ಟನ್ ಸುಬಾಟ್ನಿಕ್ ಅವರು 1967ರಲ್ಲಿ ಪ್ರಕಟಿಸಿದ ‘ಸಿಲ್ವರ್ ಆಪಲ್ಸ್ ಆಫ್ ದಿ ಮೂನ್’ ಎಂಬ ಕೃತಿಯು ಬುಕ್ಲಾ ಅವರ ಯಂತ್ರದಿಂದ ಸಿದ್ಧವಾದುದು.

ಮೋಗ್ ಅವರ 960 ಎಂಬ ಅಂಕದ ಯಂತ್ರದಲ್ಲಿ ಎಂಟು ಸ್ಥಾನಗಳೂ, ಪ್ರತಿ ಸ್ಥಾನಕ್ಕೆ ಮೂರರಂತೆ ತಿರುಪುಗಳೂ ಉಂಟು. ಕಾಲಸೂಚಕ ಸ್ಪಂದವು ಸ್ಥಾನದಿಂದ ಸ್ಥಾನಕ್ಕೆ ಸಾಗಿದಂತೆ ಆಯಾ ತಿರುಪಿನ ಒತ್ತಡವು ಹೊರಬಂದು ಸ್ವರವಾಗುತ್ತದೆ. ಇಂತಹ ಯಂತ್ರವು ಉತ್ತಮವೆನಿಸಲು ಇರತಕ್ಕ ಲಕ್ಷಣಗಳಾವುವು?

ಮೊದಲನೆಯದು ಶ್ರುತಿಶುದ್ಧಿ. ಮೋಗ್ ಪದ್ಧತಿಯಲ್ಲಿ ಒಂದು ವೋಲ್ಟಿಗೆ ಒಂದು ಸ್ಥಾಯಿ. ಅರ್ಧಸ್ವರಕ್ಕೆ ಅದರ ಹನ್ನೆರಡನೆಯ ಒಂದು ಪಾಲು. ತಿರುಪೊಂದು 300 ಅಂಶ ಸುತ್ತಿ 5 ವೋಲ್ಟ್ ಕೊಡುವುದೆಂದು ಇಟ್ಟುಕೊಂಡರೆ, ಅರ್ಧಸ್ವರಕ್ಕೆ ದೊರೆಯುವುದು 5 ಅಂಶ ಮಾತ್ರ. ಕೈ ಒಂದು ಅಂಶ ತಪ್ಪಿದರೂ ಅರ್ಧಸ್ವರದ ಐದನೆಯ ಒಂದು ಪಾಲು ಅಪಶ್ರುತಿಯಾಗುವುದು. ಆದುದರಿಂದ ಒತ್ತಡವನ್ನು ಸಮೀಪದ ಸ್ವರಕ್ಕೆ ಕೂಡಿಸುವ ಕ್ವಾಂಟೈಸರ್ ಅವಶ್ಯಕ. ಆದರೆ ಬೇಕಾದಾಗ ಅದನ್ನು ತೊಲಗಿಸುವಂತಿರಬೇಕು. ಇಲ್ಲದಿದ್ದರೆ ಹನ್ನೆರಡು ಸ್ವರಗಳ ನಡುವಣ ಸೂಕ್ಷ್ಮನಾದಗಳೆಲ್ಲ ಲೋಪವಾಗುವುವು.

ಎರಡನೆಯದು ಗತಿಸ್ವಾತಂತ್ರ್ಯ. 960ರಲ್ಲಿ ಪ್ರತಿಯೊಂದು ಸ್ಥಾನವನ್ನೂ ನಡೆಯಿಸಲು, ದಾಟಿಸಲು, ಅಲ್ಲಿಯೇ ನಿಲ್ಲಿಸಲು ಅನುಕೂಲವುಂಟು. ಹೀಗೆ ಐದು ಸ್ಥಾನಗಳ ಆವರ್ತವನ್ನು ಎಂಟರ ಆವರ್ತದೊಡನೆ ನಡೆಯಿಸಿದರೆ, ಎರಡೂ 40 ಸ್ಪಂದಗಳಿಗೊಮ್ಮೆ ಮಾತ್ರ ಆರಂಭದಲ್ಲಿ ಕೂಡುವುವು; ಅಲ್ಪಸಾಮಗ್ರಿಯಿಂದ ಬಹುವೈಚಿತ್ರ್ಯವು ಸಿದ್ಧಿಸುವುದು. ಇದಕ್ಕೆ ಹೊರಗಣ ಕಾಲಸ್ಪಂದವನ್ನು ಸ್ವೀಕರಿಸುವ ದ್ವಾರವೂ, ಮೊದಲಿಗೆ ಹಿಂದಿರುಗಿಸುವ ಉಪಾಯವೂ ಇರಬೇಕು.

ಮೂರನೆಯದು ಮೌನಕ್ಕೆ ಅವಕಾಶ. ಸ್ವರವನ್ನು ಹೇಳುವ ಒತ್ತಡವೂ ಅದನ್ನು ನುಡಿಸುವ ಸಂಕೇತವೂ ಬೇರೆಬೇರೆಯಾಗಿರಬೇಕು. ಇಲ್ಲವಾದರೆ ಪ್ರತಿ ಸ್ಥಾನವೂ ನುಡಿದೇ ತೀರುವುದು; ವಿರಾಮವಿಲ್ಲದ ವಾಕ್ಯದಂತೆ ಕೇಳುವವರಿಗೆ ಆಯಾಸವಾಗುವುದು.

ಸಾವಿರಾರು ಸ್ವರಗಳನ್ನು ನೆನಪಿಡುವ ಗಣಕವಿರಲು ಎಂಟು ತಿರುಪುಗಳಿಂದೇನು ಪ್ರಯೋಜನವೆಂದು ಆಕ್ಷೇಪಿಸಬಹುದು. ಸಂಗ್ರಹಶಕ್ತಿಯಲ್ಲಿ ಗಣಕವೇ ಮೇಲೆಂಬುದು ಸತ್ಯ. ಆದರೆ ಇಲ್ಲಿ ತಿರುಪೇ ಲೇಖನಿ, ತಿರುಪೇ ಲಿಪಿ: ಅದರ ನಿಲುವು ಸ್ವರವನ್ನು ತೋರಿಸುವುದು, ಆವರ್ತವು ನಡೆಯುತ್ತಿರುವಾಗಲೇ ಕೈ ಅದನ್ನು ತಿದ್ದುವುದು, ಕಿವಿ ಆ ಕ್ಷಣದಲ್ಲಿಯೇ ಪರೀಕ್ಷಿಸುವುದು. ಈ ಸಾಮೀಪ್ಯವನ್ನು ಕೆಡಿಸದೆ ಸ್ಮೃತಿಯನ್ನು ಸೇರಿಸಿದರೆ ದೋಷವಿಲ್ಲ. ಸ್ಥಾನಗಳ ಸಂಖ್ಯೆಯೊಂದನ್ನೇ ಬೆಳೆಸಿದ ಯಂತ್ರವು ದೊಡ್ಡದಾದೀತೇ ಹೊರತು ಉತ್ತಮವಾಗಲಾರದು.