ಭಾರತ ನೋಡಿ ಜಪಾನ್ ಕಂಡ ನಕಾನೆ

ಎಂಜಿನಿಯರಿಂಗ್ ಓದಿದ ನಾವು 'ನಾನು ಎಂಜಿನಿಯರ್' ಅಂತೀವಿ. ಜಪಾನಿನವರು ಮೊದಲು ಕಂಪನಿಯ ಹೆಸರು ಹೇಳ್ತಾರೆ. ಯಾಕೆ?

ಮಾನವಶಾಸ್ತ್ರಜ್ಞೆ ಚಿಯೆ ನಕಾನೆ 1950ರ ದಶಕದಲ್ಲಿ ಭಾರತದಲ್ಲಿ ಕ್ಷೇತ್ರಕಾರ್ಯ ಮಾಡಿದವರು. 1967ರ ಪುಸ್ತಕದಲ್ಲಿ ತಮ್ಮದೇ ಸಮಾಜವನ್ನ ಹೊರಗಿನವರ ಕಣ್ಣಲ್ಲಿ ನೋಡಿದರು. ಜಪಾನಿನಲ್ಲಿ 'ಬಾ' ಮುಖ್ಯ, ಅಂದರೆ ಸೇರಿಕೊಂಡ ಜಾಗ: ಮನೆ, ಕಂಪನಿ. ನಮ್ಮಲ್ಲಿ ಹುಟ್ಟಿದ ಜಾತಿ. ಅವರಿಗೆ ಬೆರಗು ಹುಟ್ಟಿಸಿದ್ದು ನಮ್ಮ ಅತ್ತೆ-ಸೊಸೆ ಜಗಳ! ಇಲ್ಲಿ ನೆರೆಮನೆ ಸೊಸೆಯರೂ ಪಕ್ಷ ವಹಿಸ್ತಾರೆ, ತವರಿನವರು ಬೆನ್ನಿಗಿರ್ತಾರೆ. ಜಪಾನಿನ ಸೊಸೆ ಮಾತ್ರ ಆ ಮನೆಯೊಳಗೇ ಒಬ್ಬಳೇ ಸವೆಯಬೇಕು. ಸಂಸ್ಥೆಗೆ ಅಂಟಿಕೊಂಡ ನೌಕರನ ಕಥೆಯೂ ಹೆಚ್ಚುಕಡಿಮೆ ಇದೇ.

ಆದರೆ ನನ್ನದೊಂದು ತಕರಾರಿದೆ. ಯಾವ 'ಬಾ'ದಲ್ಲೂ ಜಾಗ ಸಿಗದ ದಿನಗೂಲಿಗಳು, ಅಲ್ಲೂ ಹುಟ್ಟಿನಿಂದಲೇ ಹೊರಗಿಡಲ್ಪಟ್ಟ ಬುರಾಕುಮಿನ್ ಜನ ಈ ಚೌಕಟ್ಟಿನಲ್ಲಿ ಕೂರುವುದಿಲ್ಲ.