ಸೆಲೆನಿಯಮ್‌ಯುಕ್ತ ಅಮೈನೊ ಆಮ್ಲಗಳೂ ಅರ್ಬುದನಿವಾರಣೆಯೂ

ಸ್ವೀಡನ್ ದೇಶದ ರಸಾಯನಶಾಸ್ತ್ರಜ್ಞನಾದ ಬರ್ಜೀಲಿಯಸನು 1817ರಲ್ಲಿ ಹೊಸದೊಂದು ಮೂಲವಸ್ತುವನ್ನು ಕಂಡುಹಿಡಿದು, ಗ್ರೀಕರ ಚಂದ್ರದೇವತೆಯ ಹೆಸರಿನಿಂದ ಅದನ್ನು ಸೆಲೆನಿಯಮ್ ಎಂದು ಕರೆದನು. ಗುಣಧರ್ಮಗಳಲ್ಲಿ ಇದು ಗಂಧಕದ ಸಜಾತೀಯ. ಬಹುಕಾಲ ಇದನ್ನು ವಿಷವೆಂದೇ ಎಣಿಸುತ್ತಿದ್ದರು. ಅಮೆರಿಕದ ದಕ್ಷಿಣ ಡಕೋಟಾ ಸಂಸ್ಥಾನದಲ್ಲಿ ದನಗಳ ಕೂದಲೂ ಗೊರಸೂ ಉದುರುವ ವ್ಯಾಧಿಗೆ ಮೇವಿನಲ್ಲಿದ್ದ ಸೆಲೆನಿಯಮ್ಮೇ ಕಾರಣವೆಂದು 1930ರ ದಶಕದಲ್ಲಿ ನಿರ್ಣಯವಾಯಿತು. ಆದರೆ 1957ರಲ್ಲಿ ಷ್ವಾರ್ಟ್ಸ್, ಫೋಲ್ಟ್ಸ್ ಎಂಬ ವಿದ್ವಾಂಸರು, ಇದೇ ವಸ್ತುವು ಅತ್ಯಲ್ಪವಾಗಿ ಆಹಾರದಲ್ಲಿದ್ದರೆ ಇಲಿಗಳ ಯಕೃತ್ತು ನಾಶವಾಗದೆ ಉಳಿಯುವುದೆಂದು ತೋರಿಸಿದರು.

ಶರೀರದಲ್ಲಿ ಸೆಲೆನಿಯಮ್ ಮುಖ್ಯವಾಗಿ ಎರಡು ಅಮೈನೊ ಆಮ್ಲಗಳ ರೂಪದಲ್ಲಿರುವುದು. ವರ್ಣಗಳು ಸೇರಿ ಪದವಾಗುವಂತೆ, ಅಮೈನೊ ಆಮ್ಲಗಳು ಸಾಲಾಗಿ ಕೂಡಿ ಸಸಾರಜನಕಗಳಾಗುವುವು. ಮೊದಲನೆಯದಾದ ಸೆಲೆನೊಮೆಥಿಯೊನೀನನ್ನು ಸಸ್ಯಗಳು ನಿರ್ಮಿಸುವುವು. ಮನುಷ್ಯನಿಗೆ ಅದು ಧಾನ್ಯಾದಿಗಳಿಂದ ಬರುವುದು. ಗಂಧಕವುಳ್ಳ ಮೆಥಿಯೊನೀನಿಗೂ ಇದಕ್ಕೂ ಇರುವ ಭೇದವನ್ನು ಶರೀರವು ಎಣಿಸದೆ, ಒಂದರ ಸ್ಥಾನದಲ್ಲಿ ಮತ್ತೊಂದನ್ನು ಸೇರಿಸಿಕೊಳ್ಳುವುದು. ಎರಡನೆಯದು ಸೆಲೆನೊಸಿಸ್ಟೀನ್. ಥ್ರೆಸ್ಸಾ ಸ್ಟ್ಯಾಡ್ಟ್‌ಮನ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ಇದನ್ನು 1976ರಲ್ಲಿ ಗುರುತಿಸಿದರು. ಇದನ್ನು ಶರೀರವು ತಾನೇ ನಿರ್ಮಿಸಿ ನಿಯತವಾದ ಸ್ಥಾನದಲ್ಲಿಯೇ ಇಡುವುದು. ಆನುವಂಶಿಕ ಲಿಪಿಯಲ್ಲಿ ಸಾಮಾನ್ಯವಾಗಿ ವಿರಾಮವನ್ನು ಸೂಚಿಸುವ ಸಂಕೇತವೊಂದು, ಉತ್ಸರ್ಗಕ್ಕೆ ಅಪವಾದವೆಂಬಂತೆ, ವಿಶೇಷ ಸನ್ನಿವೇಶದಲ್ಲಿ ಈ ಆಮ್ಲವನ್ನು ವಿಧಿಸುವುದು. ಗ್ಲುಟಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದ ಕಾರ್ಯಸ್ಥಾನದಲ್ಲಿರುವುದು ಇದೇ. ಜೀವಕೋಶಗಳನ್ನು ಕೆಡಿಸುವ ಪೆರಾಕ್ಸೈಡುಗಳನ್ನು ಆ ಕಿಣ್ವವು ನಿರಪಾಯಗೊಳಿಸುವುದು.

ಕೋಶದ ಆನುವಂಶಿಕ ದ್ರವ್ಯವು ಹೀಗೆ ಕೆಡುವುದರಿಂದ, ಕ್ಯಾನ್ಸರೆಂದು ಪ್ರಸಿದ್ಧವಾದ ಅರ್ಬುದರೋಗವು ಹುಟ್ಟಬಹುದು. ಆದುದರಿಂದ ಸೆಲೆನಿಯಮ್ಮನ್ನು ಹೆಚ್ಚಾಗಿ ಸೇವಿಸಿದರೆ ರೋಗವು ತಪ್ಪುವುದೆಂಬ ಪೂರ್ವಪಕ್ಷವು ಉದಿಸಿತು. ಅಮೆರಿಕದಲ್ಲಿ ಮೊದಲೇ ಚರ್ಮದ ಅರ್ಬುದವಾಗಿದ್ದ 1,312 ಜನರನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ದಿನಕ್ಕೆ 200 ಮೈಕ್ರೊಗ್ರಾಂ ಸೆಲೆನಿಯಮ್ಮುಳ್ಳ ಯೀಸ್ಟಿನ ಗುಳಿಗೆಯನ್ನೂ, ಮತ್ತೊಂದಕ್ಕೆ ಅದಿಲ್ಲದ ಗುಳಿಗೆಯನ್ನೂ ಕೊಟ್ಟು ನೋಡಿದರು. 1996ರಲ್ಲಿ ಫಲವು ಪ್ರಕಟವಾಯಿತು. ಚರ್ಮದ ಅರ್ಬುದವು ತಗ್ಗಲಿಲ್ಲ. ಆದರೆ ಪ್ರೊಸ್ಟೇಟ್ ಗ್ರಂಥಿಯ ಅರ್ಬುದವು ಗುಳಿಗೆ ಸೇವಿಸಿದವರಲ್ಲಿ ಬಹಳ ಕಡಿಮೆಯಾಗಿದ್ದಿತು. ಕೇಳಿದ ಪ್ರಶ್ನೆಯೊಂದು, ದೊರೆತ ಉತ್ತರ ಮತ್ತೊಂದಾದುದರಿಂದ, ಪುನಃ ಪರೀಕ್ಷೆಯು ಅವಶ್ಯವಾಯಿತು.

2001ರಲ್ಲಿ ಆರಂಭವಾದ ಆ ಪರೀಕ್ಷೆಯಲ್ಲಿ 35,533 ಪುರುಷರು ಸೇರಿದ್ದರು. ಸೆಲೆನಿಯಮ್ ಕೊಡಬೇಕಾದವರಿಗೆ ಶುದ್ಧವಾದ ಸೆಲೆನೊಮೆಥಿಯೊನೀನಿನ ರೂಪದಲ್ಲಿ ಅದೇ 200 ಮೈಕ್ರೊಗ್ರಾಂ ಕೊಟ್ಟರು. ಪ್ರಯೋಜನವೇನೂ ಕಾಣದೆ 2008ರಲ್ಲಿ ಗುಳಿಗೆಗಳನ್ನು ನಿಲ್ಲಿಸಿದರು. ಮೊದಲೇ ಸೆಲೆನಿಯಮ್ ಸಮೃದ್ಧವಾಗಿದ್ದವರು ಅದನ್ನು ಮತ್ತೆ ಸೇವಿಸಿದಲ್ಲಿ ಉಗ್ರಸ್ವರೂಪದ ಅರ್ಬುದವು ಅಧಿಕವಾಯಿತೆಂದು 2014ರಲ್ಲಿ ತಿಳಿದುಬಂದಿತು.

ಹಾಗಾದರೆ ಮೊದಲಿನ ಪರೀಕ್ಷೆಯು ಸುಳ್ಳೇ ಎಂದರೆ, ಹಾಗಲ್ಲ. ಅದರಲ್ಲಿಯೂ ಪ್ರಯೋಜನ ಕಂಡುದು ಮುಖ್ಯವಾಗಿ ರಕ್ತದಲ್ಲಿ ಸೆಲೆನಿಯಮ್ ಕಡಿಮೆಯಿದ್ದವರಲ್ಲಿ. ಕಿಣ್ವಗಳಿಗೆ ಬೇಕಾದಷ್ಟು ಒದಗಿದ ಮೇಲೆ ಎಷ್ಟು ಕೊಟ್ಟರೂ ಅವುಗಳ ಶಕ್ತಿಯು ಹೆಚ್ಚದು. ಮಿಕ್ಕುದು ಶರೀರದಲ್ಲಿ ಸಂಚಯವಾಗುವುದು. ವಯಸ್ಕರಿಗೆ ದಿನಕ್ಕೆ 55 ಮೈಕ್ರೊಗ್ರಾಂ ಸಾಕೆಂದೂ, 400ನ್ನು ಮೀರಬಾರದೆಂದೂ ಅಮೆರಿಕದ ತಜ್ಞರು ವಿಧಿಸಿರುವರು. ಕೊರತೆಯಿದ್ದಲ್ಲಿ ಪೂರಣವು ಯುಕ್ತ; ಕೊರತೆಯಿಲ್ಲದವನು ಅರ್ಬುದಕ್ಕೆ ಅಂಜಿ ಸೇವಿಸುವ ಗುಳಿಗೆಯು ನಿಷ್ಫಲ, ಒಮ್ಮೊಮ್ಮೆ ಅಪಾಯಕರ. ಕನ್ನಡದಲ್ಲಿ ಗುಳಿಗೆಗೆ ಸಲ್ಲುವ ‘ಮಾತ್ರೆ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಪರಿಮಾಣವೆಂಬುದೇ ಅರ್ಥ. ಈ ವಿಷಯದಲ್ಲಿ ಆ ಅರ್ಥವನ್ನು ಮರೆಯತಕ್ಕುದಲ್ಲ.