ಮಂಡಿಯ ಲೆಕ್ಕಕ್ಕೊಂದು ಗುಂಡಿ

ಶಿರಾ, ಪಾವಗಡ, ಮಧುಗಿರಿ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಮುಂಗಾರಿಗೆ ಬಿತ್ತಿದ ಕಡಲೆಕಾಯಿಯು ಒಣಗಿ, ಚೀಲ ಸೇರಿ, ಮಾರುಕಟ್ಟೆಗೆ ಬರತೊಡಗುವ ದಿನಗಳಲ್ಲಿ, ಮಂಡಿಯ ಗುಮಾಸ್ತನಾದವನು ರೈತನ ಹೆಸರು, ಚೀಲಗಳ ಸಂಖ್ಯೆ, ತೂಕ, ಧಾರಣೆ ಇವಿಷ್ಟನ್ನು ಕಂಪ್ಯೂಟರಿನ ಲೆಕ್ಕಹಾಳೆಯಲ್ಲಿ (ಸ್ಪ್ರೆಡ್‌ಶೀಟ್) ತುಂಬಿ, ಪಟ್ಟಿಯನ್ನು ಮುದ್ರಿಸಿ ಕೊಟ್ಟು, ಅದೇ ವಿವರವನ್ನು ದಿನವಹಿಗೆ ಏರಿಸಿ, ಮುಂದಿನವನಿಗಾಗಿ ಹಾಳೆಯನ್ನು ಬರಿದುಮಾಡಿಕೊಳ್ಳಬೇಕಾಗುತ್ತದೆ. ತೂಕವನ್ನು ಧಾರಣೆಯಿಂದ ಗುಣಿಸುವ ಕೆಲಸಕ್ಕೆ ಸೂತ್ರವೊಂದು ಸಾಕು. ಆದರೆ ಮುದ್ರಿಸುವುದು, ನಕಲಿಸುವುದು, ಅಳಿಸುವುದು ಇವು ಗಣಿತವಲ್ಲ, ಕ್ರಿಯೆಗಳು. ಸೂತ್ರವು ತನ್ನ ಲೆಕ್ಕದ ಫಲವನ್ನು ತೋರಿಸಬಲ್ಲುದೇ ಹೊರತು ಮತ್ತೊಂದು ಚೌಕದಲ್ಲಿ ಬರೆದುದನ್ನು ತಿದ್ದಲಾರದು, ಅಳಿಸಲಾರದು. ಈ ಕೊರತೆಯನ್ನು ತುಂಬುವುದಕ್ಕಾಗಿಯೇ, ಕ್ರಿಯೆಗಳ ಸರಣಿಯನ್ನು ಕೂಡಿಟ್ಟು ನಡೆಸುವ ಮ್ಯಾಕ್ರೋ ಎಂಬ ಸಾಧನವು ಲೆಕ್ಕಹಾಳೆಗೆ ಬಂದಿತು.

1979ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರಚಿಸಿದ ವಿಸಿಕ್ಯಾಲ್ಕ್ ಎಂಬ ಲೆಕ್ಕಹಾಳೆಯು ಲೆಕ್ಕವನ್ನಷ್ಟೇ ಬಲ್ಲುದಾಗಿತ್ತು. 1983ರಲ್ಲಿ ಬಂದ ಲೋಟಸ್ 1-2-3, ಕೀಲಿಮಣೆಯ ಒತ್ತುಗಳ ಸರಣಿಯನ್ನು ಒಂದು ಹೆಸರಿನಡಿ ಕೂಡಿಟ್ಟು, ಬೇಕೆಂದಾಗ ಹೊರಡಿಸುವ ಅನುಕೂಲವನ್ನು ಕಲ್ಪಿಸಿತು. 1993ರ ಎಕ್ಸೆಲ್ ಅದಕ್ಕೆ ವಿಷುಯಲ್ ಬೇಸಿಕ್ ಭಾಷೆಯನ್ನು ಜೋಡಿಸಿತು.

ಮ್ಯಾಕ್ರೋವನ್ನು ಒಂದೇ ಒತ್ತಿನಿಂದ ಹೊರಡಿಸಲು ಹಾಳೆಯ ಮೇಲೆ ಗುಂಡಿಯೊಂದನ್ನು ಇಡಬಹುದು. ಎಕ್ಸೆಲ್‌ನಲ್ಲಿ ಮೊದಲಿಗೆ ಮರೆಯಾಗಿರುವ ಡೆವಲಪರ್ ಪಟ್ಟಿಯನ್ನು ತೆರೆದುಕೊಂಡು, ಇನ್ಸರ್ಟ್ ಎಂಬಲ್ಲಿರುವ ಗುಂಡಿಯ (ಬಟನ್) ಚಿತ್ರವನ್ನು ಆರಿಸಿ, ಹಾಳೆಯ ಮೇಲೆ ಆಯತವೊಂದನ್ನು ಎಳೆದೊಡನೆಯೇ, ಯಾವ ಮ್ಯಾಕ್ರೋವನ್ನು ಇದಕ್ಕೆ ವಹಿಸಬೇಕೆಂದು ಕೇಳುವ ಕಿಟಕಿಯು ತಾನಾಗಿ ತೆರೆಯುತ್ತದೆ. ಹೆಸರನ್ನು ಆರಿಸಿದರೆ ಕೆಲಸ ಮುಗಿಯಿತು. ಲಿಬ್ರೆ ಆಫೀಸಿನಲ್ಲಿ ಗುಂಡಿಯ ಗುಣಲಕ್ಷಣಗಳೊಳಗಿನ ಘಟನೆಗಳ ಪುಟದಲ್ಲಿ ಇದೇ ನಂಟನ್ನು ಕಲ್ಪಿಸಬೇಕು. ಗುಂಡಿಯೊಳಗೆ ಕೆಲಸವೇನೂ ಅಡಗಿರುವುದಿಲ್ಲ. ಅಧಿಕಾರಿಯ ಮೇಜಿನ ಮೇಲಿನ ಘಂಟೆಯು ಜವಾನನನ್ನು ಕರೆಯುವಂತೆ, ಅದು ಹೆಸರು ಹಿಡಿದು ಕರೆಯುತ್ತದೆ, ಅಷ್ಟೆ. ಆದುದರಿಂದಲೇ ಮ್ಯಾಕ್ರೋದ ಹೆಸರನ್ನು ಆಮೇಲೆ ಬದಲಿಸಿದರೆ ಗುಂಡಿಯು ನಿಷ್ಫಲವಾಗುತ್ತದೆ; ಕಡತವನ್ನು ಮ್ಯಾಕ್ರೋಸಹಿತವಾದ ನಮೂನೆಯಲ್ಲಿ ಉಳಿಸದಿದ್ದರೆ ಗುಂಡಿಯು ಉಳಿದು, ಅದು ಕರೆಯಬೇಕಾದ ಮ್ಯಾಕ್ರೋವೇ ಇಲ್ಲವಾಗುತ್ತದೆ.

ನಿಜವಾದ ಸೂಕ್ಷ್ಮವಿರುವುದು ಮ್ಯಾಕ್ರೋದೊಳಗಿನ ಆಜ್ಞೆಯ ಬರವಣಿಗೆಯಲ್ಲಿ. ಪ್ರೋಗ್ರಾಮಿಂಗ್ ಅರಿಯದವನೂ ರೆಕಾರ್ಡ್ ಮ್ಯಾಕ್ರೋವನ್ನು ಒತ್ತಿ, ಒಂದು ಸಲ ಕೈಯಾರೆ ಮಾಡಿ ತೋರಿಸಿದರೆ ಯಂತ್ರವು ಬರೆದುಕೊಳ್ಳುತ್ತದೆ. ಆದರೆ ಯಂತ್ರವು ಬರೆದುಕೊಳ್ಳುವುದು ಕೈಯ ಚಲನೆಯನ್ನು. ಮನಸ್ಸಿನ ಉದ್ದೇಶವು ಅದಕ್ಕೆ ಅಗೋಚರ. ಗುಮಾಸ್ತನು ಬೆಳಗಿನ ಮೊದಲ ರೈತನ ವಿವರವನ್ನು ದಿನವಹಿಯ ಐದನೆಯ ಸಾಲಿಗೆ ಏರಿಸುತ್ತ ರೆಕಾರ್ಡ್ ಮಾಡಿದನೆನ್ನಿ. ಅವನ ಮನಸ್ಸಿನಲ್ಲಿದ್ದುದು ‘ಖಾಲಿಯಿರುವ ಸಾಲು’; ಯಂತ್ರವು ಗ್ರಹಿಸಿದುದು ‘ಐದನೆಯ ಸಾಲು’. ಎರಡನೆಯ ರೈತನಿಗಾಗಿ ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಮೊದಲನೆಯವನ ಲೆಕ್ಕದ ಮೇಲೆಯೇ ಎರಡನೆಯವನದು ಕುಳಿತುಬಿಡುತ್ತದೆ. ಸಂಜೆಗೆ ದಿನವಹಿಯಲ್ಲಿ ಕಡೆಯವನೊಬ್ಬನ ಹೆಸರು ಮಾತ್ರ. ಎಕ್ಸೆಲ್‌ನಲ್ಲಿ ಮ್ಯಾಕ್ರೋ ಹಾಳೆಯನ್ನು ಬದಲಿಸಿದ ಮೇಲೆ ಅನ್‌ಡೂ ಒತ್ತಿ ಹಿಂದಕ್ಕೆ ಬರುವ ದಾರಿಯೂ ಸಾಮಾನ್ಯವಾಗಿ ಮುಚ್ಚಿಹೋಗಿರುತ್ತದೆ. ಇದಕ್ಕೆ ಪರಿಹಾರವೆಂದರೆ, 10,48,576 ಸಾಲುಗಳುಳ್ಳ ಆ ಹಾಳೆಯ ತಳದಿಂದ ಮೇಲಕ್ಕೆ ಹುಡುಕುತ್ತ ಬಂದು, ಮೊದಲು ಎದುರಾಗುವ ತುಂಬಿದ ಸಾಲಿನ ಕೆಳಗೆ ಬರೆಯೆಂದು ಆಜ್ಞೆಯನ್ನು ಕೈಯಾರೆ ತಿದ್ದುವುದು. ಈ ಒಂದು ತಿದ್ದುಪಡಿಯನ್ನು ಕಲಿತವನು ಮ್ಯಾಕ್ರೋವಿದ್ಯೆಯ ಅರ್ಧವನ್ನು ಕಲಿತಂತೆಯೇ ಎಂದು ನನ್ನ ಅಭಿಪ್ರಾಯ.

ಕನ್ನಡಿಗರಿಗೆ ಮತ್ತೊಂದು ತೊಡಕುಂಟು. ಅಕ್ಷರಗಳ ಸಂಕೇತಪದ್ಧತಿಯಾದ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವು ಸ್ಥಾನ ಪಡೆದಿದ್ದರೂ, ಎಕ್ಸೆಲ್‌ನ ವಿಷುಯಲ್ ಬೇಸಿಕ್ ಬರೆಯುವ ಕಿಟಕಿಯು ಇಂದಿಗೂ ಹಳೆಯ ಸಂಕೇತಪದ್ಧತಿಗೆ ಕಟ್ಟುಬಿದ್ದಿದೆ. ಅಲ್ಲಿ ‘ಪಟ್ಟಿ’ ಎಂದು ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳು ಮೂಡುತ್ತವೆ. ಹಾಳೆಗೆ ಕನ್ನಡದ ಹೆಸರಿಟ್ಟಿದ್ದರೆ ಮ್ಯಾಕ್ರೋದಲ್ಲಿ ಅದರ ಆಂತರಿಕ ಸಂಕೇತನಾಮವನ್ನು ಬಳಸಬೇಕು; ತೋರಿಸಬೇಕಾದ ಕನ್ನಡ ವಾಕ್ಯವನ್ನು ಯಾವುದಾದರೊಂದು ಚೌಕದಲ್ಲಿ ಬರೆದಿಟ್ಟು ಅಲ್ಲಿಂದ ಓದಿಸಬೇಕು. ಹಾಳೆಯ ಮೇಲಿನ ಆಕೃತಿಗಳಿಗೂ ಮ್ಯಾಕ್ರೋವನ್ನು ವಹಿಸಬಹುದಾದುದರಿಂದ, ಅವುಗಳ ಮೇಲೆ ‘ಮುದ್ರಿಸು’, ‘ದಿನವಹಿಗೆ ಏರಿಸು’ ಎಂದು ಅಚ್ಚಗನ್ನಡದಲ್ಲಿಯೇ ಬರೆಯಬಹುದು. ಬರೆಯಲೇಬೇಕು; ಏಕೆಂದರೆ ಕೂತು ಕೆಲಸ ಮಾಡುವವನ ಭಾಷೆಯಲ್ಲಿ ಗುಂಡಿಯಿದ್ದರೆ ತಪ್ಪು ಗುಂಡಿಯನ್ನು ಒತ್ತುವುದು ಕಡಿಮೆ.

ಹೇಳಿದ ಮಾತನ್ನು ವಿವೇಚಿಸದೆ ನಡೆಸುವ ಮ್ಯಾಕ್ರೋದ ಈ ಗುಣವನ್ನು ದುಷ್ಟರೂ ಬಳಸಿಕೊಂಡಿದ್ದಾರೆ. 1999ರ ಮೆಲಿಸ್ಸಾ ವೈರಸ್ಸು ವರ್ಡ್ ಕಡತದೊಳಗಿನ ಮ್ಯಾಕ್ರೋವಾಗಿಯೇ ಹರಡಿತು. 2022ರಿಂದ ಅಂತರ್ಜಾಲದಿಂದಿಳಿದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿಯೇ ತಡೆಯತೊಡಗಿದೆ. ಅಪರಿಚಿತರು ಕಳುಹಿಸಿದ ಕಡತವು ಮ್ಯಾಕ್ರೋಗೆ ಅನುಮತಿ ಬೇಡಿದರೆ ಕೊಡಬೇಡಿ; ನೀವೇ ರಚಿಸಿದ ಗುಂಡಿಯನ್ನಾದರೂ ಕಡತದ ನಕಲೊಂದರ ಮೇಲೆ, ಇಬ್ಬರು ರೈತರ ಲೆಕ್ಕವನ್ನು ಒಂದರ ಹಿಂದೊಂದರಂತೆ ತುಂಬಿ, ಎರಡು ಸಾಲುಗಳೂ ಬೇರೆಬೇರೆಯಾಗಿ ಉಳಿದಿವೆಯೇ ಎಂದು ನೋಡಿಕೊಂಡ ಬಳಿಕವೇ ವ್ಯವಹಾರಕ್ಕೆ ತನ್ನಿ.